ಜನ ನಕ್ಕ ಮಾತು

"ಇನ್ನೂ ಸ್ವಲ್ಪ ಹಿಂದೆ ಬನ್ನಿ... ಹಾಂ, ಅಲ್ಲೇ. ಅಲ್ಲಾಡಬೇಡಿ."

ದನಿ ಬಂದದ್ದು ಖಾಲಿ ಸಭಾಂಗಣದ ಹಿಂಬದಿಯಿಂದ, ಎತ್ತರದಲ್ಲಿದ್ದ ಲೈಟ್ ರೂಮಿನ ಕಿಟಕಿಯಿಂದ.

ರಂಗದ ಮೇಲೆ ನಿಂತಿದ್ದವಳ ಎದೆ ಧಸಕ್ಕೆಂದಿತು!

ಸೆಟ್ ಹೇಗೆ ಬಂದಿದೆ ನೋಡೋಣ ಎಂದು ಅವಳು ಬೆಳಿಗ್ಗೆಯೇ ಬಂದಿದ್ದಳು. ಒಳಗೆ ಯಾರೂ ಇಲ್ಲ ಎಂದುಕೊಂಡು ರಂಗದ ನಡುವಿನ ಊಟದ ಮೇಜನ್ನು ಕೈಯಿಂದ ಸವರುತ್ತಿದ್ದಾಗ ಮುಖದ ಮೇಲೆ ಬೆಳಕು ಬಿತ್ತು. ಜೊತೆಗೆ ಈ ದನಿ.

ಇದು ಅವನದೇ... ಅಲ್ಲ, ಇರಲಿಕ್ಕಿಲ್ಲ. ಅವನು ಯಾಕೆ ಇಲ್ಲಿಗೆ ಬರುತ್ತಾನೆ?

"ಯಾರು ಮೇಲಿರೋದು?" ಹಣೆಗೆ ಕೈ ಅಡ್ಡ ಹಿಡಿದು ಕೇಳಿದಳು.

ಉತ್ತರ ಬರಲು ಹೊತ್ತು ಹಿಡಿಯಿತು. ಅವಳ ದನಿ ಕೇಳಿ ಅವನಿಗೂ ಅದೇ ಗತಿಯಾಗಿರಬೇಕು.

"ಲೈಟಿನವನು. ಯಾರೋ ಕಲಾವಿದರು ಬಂದಿದಾರೆ ಅಂದ್ಕೊಂಡೆ. ನೀವು ಅಂತ ಗೊತ್ತಾಗ್ಲಿಲ್ಲ. ಹೋಗ್ಬಹುದು."

ನೀವು!

ಒಂದು ಕಾಲಕ್ಕೆ 'ಬಾರೇ, ಹೋಗೇ' ಎನ್ನುತ್ತಿದ್ದ ಬಾಯಿ ಅದು. ಬೆಳಕು ಆರಿತು. ಅವಳು ಕತ್ತಲಲ್ಲೇ ನಿಂತಳು. ಹೋಗಬಹುದಂತೆ... ಎಲ್ಲಿಗೆ ಹೋಗುವುದು? ಕಾಲು ಕೀಳಲೇ ಆಗುತ್ತಿಲ್ಲವಲ್ಲ!

ಅವಳು ಯಾರೆಂದು ಹೇಳಿಬಿಡುತ್ತೇನೆ. ನಗೆನಾಟಕಗಳನ್ನು ಬರೆದು ಆಡಿಸುವವಳು. ನಾಟಕ ನೋಡುವವರಿಗೆಲ್ಲ ಅವಳು ಗೊತ್ತು, ನೋಡದವರಿಗೆ ಅವಳ ಸುದ್ದಿಗಳು ಗೊತ್ತು. ರಂಗದ ಮಂದಿ ಅವಳನ್ನು 'ಅಕ್ಕ' ಎಂದು ಕರೆಯುತ್ತಾರೆ. ಹಿರಿಯರು ಕಿರಿಯರು ಎಲ್ಲರಿಗೂ ಅಕ್ಕ. ವಿಚ್ಛೇದನವಾದ ಮೇಲೆ ಎರಡನೆಯ ಗಂಡನೂ ಹಾಗೆಯೇ ಕರೆಯತೊಡಗಿದ ಎಂದರೆ ಆ ಹೆಸರಿನ ಹಿಡಿತ ಎಷ್ಟಿರಬೇಕು ನೋಡಿ!

ಮೊದಲನೆಯ ಗಂಡ ಕಾಲೇಜಿನ ಮೇಷ್ಟ್ರು. ಜಗಳಕ್ಕೆ ಮುಂಚೆ ಕನ್ನಡಕ ತೆಗೆದು, ಒರೆಸಿ, ಡಬ್ಬಿಯಲ್ಲಿಟ್ಟು, ಆಮೇಲೆ ಬಯ್ಯುವ ಮನುಷ್ಯ. ಅಕ್ಕ ಅದನ್ನು ಹಾಗೇ ನಾಟಕಕ್ಕೆ ಹಾಕಿದಳು. ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತಿದ್ದ ಮೇಷ್ಟ್ರು ಸಿಟ್ಟಿನಲ್ಲಿ ಕನ್ನಡಕ ತೆಗೆದು ಒರೆಸತೊಡಗಿದರು. ಅಕ್ಕಪಕ್ಕದವರು ಅವರನ್ನು ನೋಡಿ ಇನ್ನಷ್ಟು ನಕ್ಕರು. ವಾರದೊಳಗೆ ಅವರ ಪೆಟ್ಟಿಗೆ ಮನೆಯಿಂದ ಹೊರಗೆ ಹೋಯಿತು. ಆಮೇಲೆ ಒಬ್ಬ ಕವಿ ಬಂದ, ಅವನೂ ಒಂದು ಪಾತ್ರವಾಗಿ ಹೋದ.

"ನಿಮ್ಮ ಬದುಕಲ್ಲಿ ಬಂದ ಗಂಡಸರ ಬಗ್ಗೆ ಏನ್ ಹೇಳ್ತೀರಿ?" ಎಂದು ಪತ್ರಿಕೆಯವರು ಕೇಳಿದಾಗ ಅಕ್ಕ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. "ಎಲ್ಲರೂ ಒಳ್ಳೆಯವರೇ. ನಾಟಕಗಳು ಚೆನ್ನಾಗಿ ಬಂದ್ವು."

ಓದಿದವರೆಲ್ಲ ನಕ್ಕರು. ಒಬ್ಬ ಮಾತ್ರ ನಕ್ಕಿರಲಿಕ್ಕಿಲ್ಲ. ಅವನೇ ಈ ಲೈಟಿನವನು, ಕವಿ ಹೋದ ಮೇಲೆ ಅವಳು ಮನಸ್ಸು ಕೊಟ್ಟವನು.

"ಅಮ್ಮಾ, ಲೈಟು ಮಾಮನ್ನ ನೋಡಿದ್ಯಾ?" ಹಿಂದಿನಿಂದ ಮಗಳ ದನಿ ಕೇಳಿತು.

ಮೇಷ್ಟ್ರಿಗೂ ಅಕ್ಕನಿಗೂ ಹುಟ್ಟಿದ ಮಗಳು. ಈಗ ಅವಳೇ ನಿರ್ದೇಶಕಿ. ತಾಯಿಯ ಅತಿ ಹೆಸರುವಾಸಿ ನಾಟಕವನ್ನು ಬಹಳ ವರ್ಷಗಳ ಮೇಲೆ ಮತ್ತೆ ರಂಗಕ್ಕೆ ತರುತ್ತಿದ್ದಳು.

"ನೀನೇ ಕರೆಸಿದ್ದಾ?"

"ಹೂಂ. ಹೇಳಿದ್ರೆ ಬೇಡ ಅಂತಿದ್ದೆ, ಅದಕ್ಕೇ ಹೇಳ್ಲಿಲ್ಲ."

"ನನ್ನ ಮಗಳೇ ನನಗೆ ಹೀಗೆ ಮಾಡೋದಾ?"

"ನಿನ್ನ ಮಗಳಲ್ವಾ, ಅದಕ್ಕೇ!" ಎಂದು ನಕ್ಕಳು ಅವಳು. ಆಮೇಲೆ ದನಿ ತಗ್ಗಿಸಿದಳು. "ಅಮ್ಮಾ, ಚಿಕ್ಕವಳಿದ್ದಾಗ ನನ್ನನ್ನ ಸ್ಕೂಲಿಗೆ ಬಿಡ್ತಿದ್ದಿದ್ದು ಅವರು. ನೀವಿಬ್ರೂ ಜಗಳ ಆಡಿದ್ದಕ್ಕೆ ನನಗೂ ಅವರು ಇಲ್ಲದ ಹಾಗಾಯ್ತು. ಯಾರಾದ್ರೂ ನನ್ನನ್ನ ಕೇಳಿದ್ರಾ?"

ಇಷ್ಟು ವರ್ಷದಲ್ಲಿ ಈ ಮಾತನ್ನು ಮಗಳು ಒಮ್ಮೆಯೂ ಆಡಿರಲಿಲ್ಲ.

"ಮೊದಲ ಪ್ರಯೋಗ ಒಂದಕ್ಕೇ ಒಪ್ಕೊಂಡಿದಾರೆ," ಎಂದಳು ಮಗಳು. "ಮಾರನೇ ದಿನ ಹೊರಡ್ತಾರಂತೆ. ಇನ್ನೊಂದು ಊರಲ್ಲಿ ಕೆಲಸ ಸಿಕ್ಕಿದೆ, ವಾಪಸ್ ಬರಲ್ವಂತೆ. ಏನಾದ್ರೂ ಹೇಳೋದಿದ್ರೆ ಅಷ್ಟರೊಳಗೆ ಹೇಳ್ಕೋ."

"ನನಗೆ ಹೇಳೋದೇನೂ ಇಲ್ಲ."

ಹಾಗೆಂದು ಹೇಳಿದ ಅವಳ ಕಣ್ಣು ಮಾತ್ರ ಲೈಟ್ ರೂಮಿನ ಕಿಟಕಿಯನ್ನು ಬಿಟ್ಟಿರಲಿಲ್ಲ.

ಆ ನಾಟಕ ನೀವೂ ನೋಡಿರುತ್ತೀರಿ. ಒಂದು ದಿನಕ್ಕೆಂದು ಮಾವನ ಮನೆಗೆ ಬಂದ ಅಳಿಯ ಅಲ್ಲೇ ಠಿಕಾಣಿ ಹೂಡುತ್ತಾನೆ. ಆ ಮನೆಯಲ್ಲಿ ಮರೆವಿನ ಅಜ್ಜಿಯೊಬ್ಬಳಿದ್ದಾಳೆ. ಅಳಿಯ ಹೊಟ್ಟೆ ಬಿರಿಯ ತಿಂದು ತೇಗುತ್ತ ಕುಳಿತಾಗ ಅಜ್ಜಿ ಅವನನ್ನು ಯಾರೋ ಹೊಸಬನೆಂದು ದಿಟ್ಟಿಸಿ ನೋಡಿ, ತನ್ನ ತಟ್ಟೆಯನ್ನು ಅವನತ್ತ ತಳ್ಳಿ ಹೇಳುತ್ತಾಳೆ:

"ಅಯ್ಯೋ ಪಾಪ... ನಿಮ್ಮಮ್ಮ ನಿನಗೆ ಊಟ ಹಾಕಲ್ವೇನಪ್ಪಾ?"

ಮುಗಿಯಿತು! ಜನ ಕುರ್ಚಿಯಿಂದ ಬೀಳುವುದೊಂದು ಬಾಕಿ. ಆ ಮಾತು ನಾಟಕದಿಂದ ಎದ್ದು ಬೀದಿಗೆ ಬಂತು. ಆಫೀಸಿನಲ್ಲಿ ಪಕ್ಕದವನ ಡಬ್ಬಿಗೆ ಕೈ ಹಾಕಿದವನಿಗೆ ಅದೇ ಮಾತು, ಬಸ್ಸಿನಲ್ಲಿ ಸಣಕಲ ಹುಡುಗರಿಗೆ ಅದೇ ಮಾತು. ನಾಟಕ ನೋಡದವರೂ ಹೇಳಿ ನಗುತ್ತಿದ್ದರು.

ಅಕ್ಕನಿಗೆ ಒಂದು ಅಭ್ಯಾಸವಿತ್ತು. ನಗೆಯ ಮಾತನ್ನು ತಾಲೀಮಿನಲ್ಲಿ ಹೇಳಿಸುತ್ತಿರಲಿಲ್ಲ. ಮೊದಲ ಪ್ರಯೋಗದ ದಿನ, ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ, ಆ ಪಾತ್ರದವರಿಗೆ ಮಾತ್ರ ಗುಟ್ಟಾಗಿ ಹೇಳಿಕೊಡುತ್ತಿದ್ದಳು. ಹಳಸಿದ ನಗು ಯಾರಿಗೆ ಬೇಕು ಎನ್ನುವುದು ಅವಳ ವಾದ. ಹಾಗೆ ಹೇಳಿಕೊಟ್ಟ ಮಾತಿಗೆ ಜನ ನಕ್ಕರೆ, ಮುಂದೆ ಆಕಾಶ ಕಳಚಿ ಬಿದ್ದರೂ ಅದನ್ನು ತೆಗೆಯುತ್ತಿರಲಿಲ್ಲ.

ಹೀಗಾಗಿ ಆ ಮಾತನ್ನು ಲೈಟಿನವನು ಮೊದಲ ಸಲ ಕೇಳಿದ್ದು ಇದೇ ಸಭಾಂಗಣದಲ್ಲಿ, ತುಂಬಿದ ಸಭೆಯಲ್ಲಿ, ಎಲ್ಲರ ಜೊತೆಗೆ.

ಅಜ್ಜಿ ಮಾತು ಮುಗಿಸಿದಳು. ಸಭೆ ಭೋರೆಂದು ನಕ್ಕಿತು. ಅಷ್ಟರಲ್ಲೇ... ರಂಗದ ದೀಪಗಳೆಲ್ಲ ಪಟ್ಟನೆ ಆರಿದವು!

ಜನ ಅದೂ ನಾಟಕದ್ದೇ ಇರಬೇಕೆಂದು ಚಪ್ಪಾಳೆ ತಟ್ಟಿದರು. ಅಕ್ಕನಿಗೆ ಮಾತ್ರ ಮೈಯೆಲ್ಲ ಉರಿಯಿತು. ಆಗ ರಂಗದ ಮೇಲಿದ್ದ ಅಳಿಯನ ಪಾತ್ರಧಾರಿ ಸ್ಫುರದ್ರೂಪಿ. ಸದಾ ರಾಜರ ಪಾತ್ರ ಮಾಡುತ್ತಿದ್ದುದರಿಂದ ಎಲ್ಲರೂ ಅವನನ್ನು 'ಮಹಾರಾಜ' ಎನ್ನುತ್ತಿದ್ದರು. ಅಕ್ಕನಿಗೂ ಮಹಾರಾಜನಿಗೂ ಏನೋ ಇದೆ ಎಂದು ಪತ್ರಿಕೆಗಳು ಆಗಷ್ಟೇ ಗುಸುಗುಸು ಬರೆಯತೊಡಗಿದ್ದವು. ಅದು ಹಸಿ ಸುಳ್ಳು. ಆದರೆ ಲೈಟಿನವನು ಅದನ್ನು ನಂಬಿದ್ದಾನೆ, ಮಹಾರಾಜನ ಒಳ್ಳೆಯ ದೃಶ್ಯವನ್ನು ಕೆಡಿಸಲೆಂದೇ ದೀಪ ಆರಿಸಿದ್ದಾನೆ ಎಂದು ಅವಳು ತೀರ್ಮಾನಿಸಿಬಿಟ್ಟಳು.

ನಾಟಕ ಮುಗಿದ ಮೇಲೆ ತಂಡದವರೆಲ್ಲರ ಎದುರು ಕೂಗಾಡಿದಳು. "ಹೊಟ್ಟೆಕಿಚ್ಚಿಗೆ ನನ್ನ ನಾಟಕಾನೇ ಸುಡ್ತೀಯಾ? ಇಷ್ಟು ಸಣ್ಣ ಮನಸ್ಸಾ ನಿಂದು? ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ!"

ಅವನು ಅವಳನ್ನೇ ನೋಡಿದ. ಬಾಯಿ ತೆರೆದ, ಮತ್ತೆ ಮುಚ್ಚಿದ. ಮಾರನೆಯ ದಿನ ಅವನ ಸುಳಿವಿರಲಿಲ್ಲ.

ಅಕ್ಕ ಅದೇ ಸಿಟ್ಟಿನಲ್ಲಿ ಮಹಾರಾಜನನ್ನು ಮದುವೆಯಾದಳು. ಸಿಟ್ಟಿಗೆ ಕಟ್ಟಿಕೊಂಡ ಗಂಡ ಎಷ್ಟು ದಿನ ಬಾಳಿಯಾನು? ಅದೂ ಮುರಿಯಿತು, ಅದೂ ನಾಟಕವಾಯಿತು. ಹೆಸರು ಬೆಳೆಯಿತು, ಸನ್ಮಾನಗಳು ಬಂದವು. ಹಾರ ತುರಾಯಿ ಹೊತ್ತು ಮನೆಗೆ ಬಂದು ಬಾಗಿಲು ತೆಗೆದಾಗ ಮಾತ್ರ, ಒಳಗೆ ಕುಳಿತು ಕೆಟ್ಟುಹೋದ ಬಲ್ಬುಗಳ ಜೊತೆ ಗುದ್ದಾಡುತ್ತ 'ಬಂದ್ಯಾ?' ಎನ್ನುತ್ತಿದ್ದ ಒಬ್ಬನೇ ಒಬ್ಬ ನೆನಪಾಗುತ್ತಿದ್ದ. ನೆನಪಾದ ಕೂಡಲೇ ಸಿಟ್ಟು ತಂದುಕೊಳ್ಳುತ್ತಿದ್ದಳು. ಸಿಟ್ಟು ಇದ್ದರೆ ಅಳು ಬರುವುದಿಲ್ಲವಲ್ಲ...

ಈಗ ತಾಲೀಮು ಜೋರಾಗಿ ನಡೆಯುತ್ತಿತ್ತು. ಅಜ್ಜಿಯ ಪಾತ್ರಕ್ಕೆ ಅಂದಿನ ನಟಿಯೇ ಬಂದಿದ್ದಳು. ಆಗ ಮುದುಕಿಯಾಗಲು ಮುಖಕ್ಕೆ ಗೆರೆ ಬರೆದುಕೊಳ್ಳುತ್ತಿದ್ದವಳಿಗೆ ಈಗ ಗೆರೆ ಬೇಕಿರಲಿಲ್ಲ. ಎಲ್ಲರಿಗೂ ಅವಳು 'ದೊಡ್ಡಮ್ಮ'. ಅಂದಿನ ಅಳಿಯ ಮಹಾರಾಜ ಈಗ ಮಾವನಾಗಿದ್ದ.

ಅಜ್ಜಿಯ ಮಾತಿನ ದೃಶ್ಯ ಬಂದಾಗಲೆಲ್ಲ ಅಕ್ಕ ಒಂದನ್ನು ಗಮನಿಸಿದಳು. ಮೇಲೆ ಲೈಟ್ ರೂಮಿನ ಗಾಜಿನ ಕಿಟಕಿ ಮೆಲ್ಲಗೆ ಮುಚ್ಚುತ್ತಿತ್ತು. ದೃಶ್ಯ ಮುಗಿದ ಮೇಲೆ ತೆರೆದುಕೊಳ್ಳುತ್ತಿತ್ತು.

"ನೋಡು, ಇನ್ನೂ ನಿನ್ನ ಮೇಲೆ ಅವನಿಗೆ ಹೊಟ್ಟೆಕಿಚ್ಚು," ಎಂದಳು ಮಹಾರಾಜನಿಗೆ.

ಮಹಾರಾಜ ಚಹದ ಲೋಟ ಕೆಳಗಿಟ್ಟ. "ಅಕ್ಕಾ, ನನ್ನ ಹೊಟ್ಟೆ ನೋಡು. ಇದನ್ನ ನೋಡಿ ಯಾರಿಗೆ ಕಿಚ್ಚು ಬರುತ್ತೆ?"

"ತಮಾಷೆ ಬೇಡ."

"ತಮಾಷೆ ಅಲ್ಲ. ಅವತ್ತು ಪ್ರಯೋಗಕ್ಕೆ ಮುಂಚೆ ನಮ್ಮಿಬ್ಬರ ಸುದ್ದಿ ಬಂದ ಪತ್ರಿಕೆ ತಂದು ನನಗೆ ತೋರಿಸಿ ಬಿದ್ದು ಬಿದ್ದು ನಕ್ಕಿದ್ದು ಅವನೇ. ಅಂಥವನಿಗೆ ಹೊಟ್ಟೆಕಿಚ್ಚಾ? ಇದನ್ನ ಆಗಲೇ ಹೇಳೋಣ ಅಂದ್ಕೊಂಡೆ. ಆದ್ರೆ ನೀನು ನನ್ನನ್ನ ಮದುವೆ ಆಗ್ತೀನಿ ಅಂದುಬಿಟ್ಟೆ... ನನಗೂ ಆಸೆ ಇತ್ತು, ಸುಮ್ಮನಾದೆ."

ಅಕ್ಕ ತಲೆಯೆತ್ತಿ ಲೈಟ್ ರೂಮಿನ ಕಿಟಕಿಯತ್ತ ನೋಡಿದಳು. ಹಾಗಾದರೆ ಅವತ್ತು ಅವನು ಯಾಕೆ ದೀಪ ಆರಿಸಿದ?

ಅವಳು ಲೈಟ್ ರೂಮಿನ ಕಬ್ಬಿಣದ ಮೆಟ್ಟಿಲು ಹತ್ತಿದಳು. ಮೊಣಕಾಲು ನೋಯುತ್ತಿತ್ತು. ಅವನು ಬಣ್ಣದ ಹಾಳೆಗಳನ್ನು ಕತ್ತರಿಸುತ್ತ ಕುಳಿತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೈ ಹಾಗೇ ಇತ್ತು, ಅದೇ ಕಡ್ಡಿ ಮೈ.

"ಏನಾದ್ರೂ ಬೇಕಿತ್ತಾ?" ಅವನು ಎದ್ದು ನಿಂತ.

"ಆ ಸೀನ್ ಬಂದ್ರೆ ಕಿಟಕಿ ಯಾಕೆ ಮುಚ್ತೀರಿ?"

"ಲೈಟು ಸರಿಯಾಗಿ ಬರ್ತಿದೆಯಲ್ಲ? ಕಿಟಕಿ ನನ್ನ ವಿಷಯ."

"ಅವತ್ತು ದೀಪ ಯಾಕೆ ಆರಿಸಿದೆ? ಹೇಳು!" ಅವಳಿಗೆ ಅರಿವಿಲ್ಲದೆ 'ನೀವು' ಜಾರಿಹೋಗಿತ್ತು.

ಅವನು ಕತ್ತರಿ ಕೆಳಗಿಟ್ಟ.

"ಅಜ್ಜಿ ಹೇಳೋ ಆ ಮಾತು... ಯಾರದ್ದು?"

"ಯಾರದ್ದು ಅಂದ್ರೆ? ನಂದು! ನಾನು ಬರೆದದ್ದು."

ಅವನು ಅವಳ ಮುಖವನ್ನೇ ನೋಡಿದ. ಸುಳ್ಳು ಹೇಳುವಾಗ ಅವಳ ದನಿ ಸಿಹಿಯಾಗುತ್ತದೆಂದು ಅವನಿಗೆ ಗೊತ್ತಿತ್ತು. ಈಗ ದನಿಯಲ್ಲಿ ಸಿಹಿ ಇರಲಿಲ್ಲ. ಅವನು ನಿಧಾನಕ್ಕೆ ಸ್ಟೂಲಿನ ಮೇಲೆ ಕುಳಿತ.

"ನಿನಗೆ... ನಿಜವಾಗ್ಲೂ ನೆನಪಿಲ್ವಾ?"

"ಏನು?"

"ಅಮ್ಮ ನನ್ನ ತಂಗಿ ಮನೇಲಿದ್ಲಲ್ಲ, ಯಾರ ಗುರುತೂ ಸಿಗದ ಹಾಗಾಗಿತ್ತಲ್ಲ. ನಾನು ನೋಡೋಕೆ ಹೋಗಿದ್ದೆ. ಬಲ್ಬು ಹಾಕೋಕೆ ಬಂದಿರೋ ಆಳು ಅಂದ್ಕೊಂಡ್ಲು ನನ್ನನ್ನ. ಊಟಕ್ಕೆ ಕೂತಿದ್ಲು. ನನ್ನ ಕೈ ನೋಡಿದ್ಲು, ಮುಖ ನೋಡಿದ್ಲು. ತನ್ನ ತಟ್ಟೇನ ನನ್ನ ಕಡೆ ತಳ್ಳಿ ಆ ಮಾತು ಕೇಳಿದ್ಲು." ಅವನು ಕೈಗೆ ಸಿಕ್ಕ ಬಣ್ಣದ ಹಾಳೆಯನ್ನು ಮಡಚಿದ. "ನನ್ನನ್ನ ಕೇಳಿದ್ಲು ಕಣೇ... ನಿಮ್ಮಮ್ಮ ನಿನಗೆ ಊಟ ಹಾಕಲ್ವಾ ಅಂತ."

ಅಕ್ಕ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಲ್ಲಿಂದ ನೇರ ನಿನ್ನ ಮನೆಗೆ ಬಂದೆ. ನೀನು ಪಾತ್ರೆ ತೊಳೀತಿದ್ದೆ. ನಿನ್ನ ಹತ್ರ ಮಾತ್ರ ಹೇಳ್ದೆ. ತಂಗಿಗೂ ಹೇಳಿಲ್ಲ ಇವತ್ತಿನವರೆಗೆ."

ನಲ್ಲಿಯ ಸದ್ದು... ಅವಳಿಗೆ ಎಲ್ಲವೂ ಒಮ್ಮೆಲೇ ನುಗ್ಗಿ ಬಂತು! ಕೈತುಂಬ ಸೋಪಿನ ನೊರೆ, ಹೆಗಲ ಮೇಲೆ ಅವನ ತಲೆ. ಅವನು ಅಳುವುದನ್ನು ಅವಳು ಕಂಡದ್ದು ಅದೊಂದೇ ಸಲ. ಒದ್ದೆ ಕೈಯಲ್ಲೇ ಅವನ ಬೆನ್ನು ಸವರಿದ್ದಳು. ತಾನೂ ಅತ್ತಿದ್ದಳು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ.

ಅವಳ ಕಿವಿಯೇ ಹಾಗಿತ್ತು. ಬಿದ್ದ ಮಾತು ಒಳಗೆಲ್ಲೋ ಇಳಿದು ಕೂರುತ್ತಿತ್ತು. ಬರೆಯುವ ಹೊತ್ತಿಗೆ ಎದ್ದು ಬರುತ್ತಿತ್ತು, ಆದರೆ ಹೇಳಿದವರ ಮುಖ ಅದರ ಜೊತೆಗೆ ಬರುತ್ತಿರಲಿಲ್ಲ. ವರ್ಷ ಕಳೆದು ಆ ಮಾತು ಬಂದಾಗ, 'ಅಬ್ಬಾ, ಎಂಥಾ ಮಾತು ಹೊಳೀತು ನನಗೆ!' ಎಂದು ತನ್ನನ್ನೇ ಮೆಚ್ಚಿಕೊಂಡಿದ್ದಳು. ಛೆ!

"ಆಗ ಅಮ್ಮ ತೀರ್ಕೊಂಡು ತಿಂಗಳುಗಳಾಗಿತ್ತಷ್ಟೆ," ಎಂದ ಅವನು. "ನೀನು ಗೊತ್ತಿದ್ದೂ ಮಾಡ್ದೆ ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

"ಅವತ್ತು ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳ್ಬಾರ್ದಿತ್ತಾ?"

"ಅದು ನಮ್ಮಮ್ಮನ ಮಾತು ಅಂತ ನಾನು ನಿನಗೆ ಹೇಳ್ಕೊಡ್ಬೇಕಿತ್ತಾ? ನಿನಗೆ?"

ಕ್ಷಮಿಸು ಎಂಬ ಮಾತು ನಾಲಿಗೆಗೆ ಬಂದರೂ ಬಾಯಿಂದ ಹೊರಡಲಿಲ್ಲ. ಎಷ್ಟೋ ನಾಟಕಗಳಲ್ಲಿ ಎಷ್ಟೋ ಪಾತ್ರಗಳಿಂದ ಅವಳು ಅದನ್ನು ಹೇಳಿಸಿದ್ದಳು. ಈಗ ತಾನು ಹೇಳಿದರೆ ಅದೂ ನಾಟಕದಂತೆ ಕೇಳಿಸೀತೆಂದು ಭಯವಾಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡು ಮೆಟ್ಟಿಲಿಳಿದಳು.

ಮರುದಿನ ತಾಲೀಮಿಗೆ ಬಂದವಳೇ ಎಲ್ಲರನ್ನೂ ಕರೆದು ಹೇಳಿದಳು.

"ಅಜ್ಜಿಯ ಆ ಮಾತು ತೆಗೆದುಬಿಡಿ."

"ಯಾವುದನ್ನ?" ಮಗಳು ಕಣ್ಣರಳಿಸಿದಳು. "ಅಮ್ಮಾ! ಪೋಸ್ಟರ್ ತುಂಬಾ ಅದೇ ಮಾತಿದೆ! ಜನ ಬರೋದೇ ಅದನ್ನ ಕೇಳೋಕೆ."

"ಗೊತ್ತು. ತೆಗಿ."

ದೊಡ್ಡಮ್ಮ ಮುಂದೆ ಬಂದಳು. "ನನ್ನ ಜೀವಮಾನಕ್ಕೆಲ್ಲ ಸಿಕ್ಕಿದ್ದು ಅದೊಂದು ಮಾತು ಕಣಮ್ಮಾ. ತರಕಾರಿ ಅಂಗಡಿಗೆ ಹೋದ್ರೂ ಜನ ನನ್ನ ಹತ್ರ ಅದನ್ನ ಹೇಳಿಸಿ ನಗ್ತಾರೆ. ನಾನೇನಾದ್ರೂ ತಪ್ಪು ಮಾಡಿದ್ನಾ?"

"ನೀವಲ್ಲ ದೊಡ್ಡಮ್ಮಾ, ನಾನು ಮಾಡಿದ್ದು." ಅಕ್ಕ ಆ ಮುದುಕಿಯ ಕೈ ಹಿಡಿದುಕೊಂಡಳು. "ಅದು ನಾನು ಬರೆದದ್ದಲ್ಲ. ಬೇರೆಯವರ ಮಾತು. ಕೇಳದೆ ತಗೊಂಡೆ."

ಎಲ್ಲರೂ ಮುಖ ಮುಖ ನೋಡಿಕೊಂಡರು. ನಾಡೆಲ್ಲ ಅವಳ ಹೆಸರಿನ ಜೊತೆ ಹೇಳುವ ಮಾತು, ಅದು ಅವಳದಲ್ಲವೇ?

"ಯಾರದ್ದಮ್ಮ?" ಎಂದಳು ಮಗಳು.

ಅಕ್ಕ ಬಾಯಿ ತೆರೆದವಳು ಥಟ್ಟನೆ ತಡೆದುಕೊಂಡಳು. "ಅದನ್ನ ಹೇಳೋ ಹಕ್ಕು ನನಗಿಲ್ಲ."

ಮೇಲೆ ಲೈಟ್ ರೂಮಿನ ಕಿಟಕಿ ತೆರೆದೇ ಇತ್ತು.

ಮೊದಲ ಪ್ರಯೋಗದ ಸಂಜೆ ಬಂತು. ಸಭಾಂಗಣ ಕಿಕ್ಕಿರಿದಿತ್ತು. ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪಂದಿರು, 'ನಾವು ಮದುವೆಗೆ ಮುಂಚೆ ನೋಡಿದ್ದು ಇದನ್ನೇ' ಎನ್ನುವ ದಂಪತಿಗಳು... ಎಲ್ಲರ ಮುಖದಲ್ಲೂ ಈಗಾಗಲೇ ಅರ್ಧ ನಗು. ಅಕ್ಕ ರಂಗದ ಪಕ್ಕದ ಮರೆಯಲ್ಲಿ, ಬಲಗಡೆಯ ವಿಂಗಿನಲ್ಲಿ, ಪರದೆಯ ಅಂಚಿಗೆ ನಿಂತಿದ್ದಳು. ನಾಳೆ ಅವನು ಹೊರಡುತ್ತಾನೆ. ಇವತ್ತು ಆ ಮಾತಿಲ್ಲದೆ ದೃಶ್ಯ ದಾಟಿದರೆ ಮೇಲೆ ಹೋಗಿ ಅವನ ಎದುರು ನಿಲ್ಲುವ ಧೈರ್ಯ ಬರುತ್ತದೆ ಎಂದುಕೊಂಡಿದ್ದಳು. ಕಸಿದುಕೊಂಡದ್ದನ್ನು ಹಿಂದಿರುಗಿಸಿದೆ, ಈಗಲಾದರೂ ಇರು ಎಂದು ಕೇಳುವವಳಿದ್ದಳು.

ದೃಶ್ಯ ಬಂತು. ಅಳಿಯ ತೇಗಿದ. ದೊಡ್ಡಮ್ಮ ಅವನನ್ನು ದಿಟ್ಟಿಸಿದಳು. ಹೇಳಿಕೊಟ್ಟಂತೆ ಸುಮ್ಮನೆ ತಟ್ಟೆಯನ್ನು ಅವನತ್ತ ತಳ್ಳಿದಳು, ಮುಖ ತಿರುಗಿಸಿದಳು. ರಂಗ ನಿಶ್ಶಬ್ದವಾಯಿತು.

ದಾಟಿತು... ದಾಟಿಬಿಟ್ಟಿತು, ದೇವರೇ!

"ಅಯ್ಯೋ ಪಾಪಾ!" ಬಾಲ್ಕನಿಯಿಂದ ಯಾರೋ ಕೂಗಿದರು.

ಅಷ್ಟೇ. ಇಡೀ ಸಭೆ ಒಕ್ಕೊರಲಿನಿಂದ, ರಾಗವಾಗಿ ಹೇಳಿತು: "ನಿಮ್ಮಮ್ಮ ನಿನಗೆ ಊಟ ಹಾಕಲ್ವೇನಪ್ಪಾ?"

ನಗು, ಶಿಳ್ಳೆ, ಚಪ್ಪಾಳೆ. ತಾವೇ ಹೇಳಿದ ಖುಷಿಗೆ ಜನ ಇನ್ನಷ್ಟು ನಕ್ಕರು. ಹಿಂದೆಂದೂ ಆ ಮಾತಿಗೆ ಇಷ್ಟು ನಗು ಬಂದಿರಲಿಲ್ಲ.

ಅಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಪರದೆಯ ಬುಡದಲ್ಲಿ ಕುಸಿದಳು. ಅಯ್ಯೋ... ಇನ್ನು ವಾಪಸ್ ತೆಗೆದುಕೊಳ್ಳಲು ಸಾಧ್ಯವೇ ಇಲ್ಲ! ಅವನ ಅಮ್ಮನ ಮಾತು ಎಲ್ಲರ ಬಾಯಿಗೆ ಬಿದ್ದಾಗಿದೆ. ಈ ಜನಕ್ಕೆ ಮಕ್ಕಳಾಗುತ್ತವೆ, ಆ ಮಕ್ಕಳೂ ನಗುತ್ತವೆ. ನಾನು ಸತ್ತ ಮೇಲೂ ನಗುತ್ತಿರುತ್ತವೆ. ಈಗ ದೀಪ ಆರುತ್ತದೆ ಎಂದು ಕಣ್ಣು ಬಿಗಿಯಾಗಿ ಮುಚ್ಚಿದಳು.

ದೀಪ ಆರಲಿಲ್ಲ.

ಕಣ್ಣು ಬಿಟ್ಟಾಗ ದೊಡ್ಡಮ್ಮನ ಮುಖದ ಮೇಲೆ ಬೆಳಕು ಹಾಗೇ ಇತ್ತು. ನಾಟಕದ ಕೊನೆಯವರೆಗೂ ಅದು ಒಂದು ಸಲವೂ ಅಳುಕಲಿಲ್ಲ.

ಕೊನೆಗೆ ಎಲ್ಲರೂ ಸಾಲಾಗಿ ನಿಂತು ಕೈಮುಗಿಯುವಾಗ ಜನ "ಅಕ್ಕಾ! ಅಕ್ಕಾ!" ಎಂದು ಕೂಗಿದರು. ಅಕ್ಕ ರಂಗಕ್ಕೆ ಹೋಗಲಿಲ್ಲ. ಹಿಂಬಾಗಿಲಿನಿಂದ ಓಣಿ ಸುತ್ತಿ, ಮೊಣಕಾಲಿನ ಮೇಲೆ ಕೈಯೂರಿಕೊಂಡು ಕಬ್ಬಿಣದ ಮೆಟ್ಟಿಲು ಹತ್ತಿದಳು.

ಅವನು ವೈರು ಸುತ್ತುತ್ತಿದ್ದ. ಮೂಲೆಯಲ್ಲಿ ಅವನ ಚೀಲ ಸಿದ್ಧವಾಗಿತ್ತು.

"ವಾಪಸ್ ಕೊಡೋಣ ಅಂದ್ಕೊಂಡೆ," ಎಂದಳು ಏದುಸಿರು ಬಿಡುತ್ತ. "ಆಗ್ಲಿಲ್ಲ ಕಣೋ... ನನ್ನ ಕೈಲಿ ಆಗ್ಲಿಲ್ಲ."

"ನೋಡ್ದೆ."

"ಇನ್ನು ಆಗೋದೂ ಇಲ್ಲ."

"ಇಲ್ಲ. ಅದೀಗ ಅವರದ್ದು." ಅವನು ಸ್ಟೂಲನ್ನು ಅವಳತ್ತ ಸರಿಸಿದ. "ಕೂತ್ಕೋ ಮೊದಲು. ಉಸಿರು ಸಿಕ್ತಿಲ್ಲ ನಿನಗೆ."

ಅವಳು ಕೂರಲಿಲ್ಲ. "ಇವತ್ತು ಯಾಕೆ ದೀಪ ಆರಿಸ್ಲಿಲ್ಲ? ಅವತ್ತಿಗಿಂತ ಜೋರಾಗಿ ನಕ್ರಲ್ಲ ಜನ?"

ಅವನು ವೈರನ್ನು ಪಕ್ಕಕ್ಕಿಟ್ಟ. ಕಿಟಕಿಯಾಚೆ ನೋಡಿದ. ಕೆಳಗೆ ಜನ ಮಾತಾಡುತ್ತ ಹೊರಹೋಗುತ್ತಿದ್ದರು.

"ಜನ ನಕ್ಕಿದ್ದಕ್ಕೆ ಅಲ್ಲ ಕಣೇ ನಾನು ಅವತ್ತು ಆರಿಸಿದ್ದು. ಅವರಿಗೇನು ಗೊತ್ತು, ಪಾಪ. ಈ ಕಿಟಕಿಯಿಂದ ಆ ಬಲಗಡೆ ವಿಂಗು ಪೂರ್ತಿ ಕಾಣುತ್ತೆ." ಅವನು ಅವಳತ್ತ ತಿರುಗಿದ. "ಅವತ್ತು ಅಲ್ಲಿ ನಿಂತು ನೀನೂ ನಗ್ತಿದ್ದೆ. ಬಾಯಿಗೆ ಕೈ ಅಡ್ಡ ಇಟ್ಕೊಂಡು, ಮೈಯೆಲ್ಲ ಕುಲುಕಿಸಿ ನಗ್ತಿದ್ದೆ. ಅದನ್ನ ನೋಡೋಕಾಗ್ಲಿಲ್ಲ ನನಗೆ."

ಅಕ್ಕ ಸ್ಟೂಲಿನ ಮೇಲೆ ಕುಸಿದು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಹೋದಾಗ ಅಳಲಿಲ್ಲ, ಮಹಾರಾಜನನ್ನು ಬಿಟ್ಟಾಗ ಅಳಲಿಲ್ಲ. ಅಂದಿನಿಂದ ಹಿಡಿದಿಟ್ಟ ಅಳುವೆಲ್ಲ ಅವತ್ತು ಹೊರಬಂತು.

"ಎಷ್ಟು ವರ್ಷ ಹಾಳು ಮಾಡ್ಬಿಟ್ಟೆ ನಾನು..."

"ನಾನೂ ಮಾಡ್ದೆ. ಒಂದು ಮಾತು ಕೇಳಿದ್ರೆ ಮುಗೀತಿತ್ತು. ಹಟ ಹಿಡಿದು ಕೂತೆ." ಅವನು ಅವಳೆದುರು ನೆಲದ ಮೇಲೆ ಕುಳಿತ. "ಇವತ್ತು ನೀನು ಕಿವಿ ಮುಚ್ಕೊಂಡು ಕೂತಿದ್ದೂ ಕಾಣಿಸ್ತು."

"ಹೋಗ್ಬೇಡ," ಎಂದಳು ಅವಳು. "ಕೇಳೋಕೆ ಮುಖ ಇಲ್ಲ ನನಗೆ. ಆದ್ರೂ ಕೇಳ್ತೀನಿ. ಎಲ್ಲರ ಮಾತೂ ಬರೆದೆ, ನನ್ನ ಮಾತೊಂದನ್ನ ಯಾರಿಗೂ ಹೇಳ್ಲಿಲ್ಲ. ನನಗೆ ನೀನು ಬೇಕು. ಅವತ್ತೂ ಬೇಕಿತ್ತು, ಇವತ್ತೂ ಬೇಕು."

ಅವನು ಪಕ್ಕದಲ್ಲಿದ್ದ ವೈರನ್ನು ತೆಗೆದುಕೊಂಡು ಮತ್ತೆ ಸುತ್ತತೊಡಗಿದ.

"ನಿನ್ನ ಹತ್ರ ಬಾಯಿ ಬಿಡೋಕೇ ಭಯ ನನಗೆ," ಎಂದ ಕೊನೆಗೆ. "ಯಾವ ಮಾತು ಯಾವಾಗ ಯಾವ ನಾಟಕಕ್ಕೆ ಹೋಗುತ್ತೋ ಅಂತ."

"ಬರೆಯೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ನನಗೆ ಬೇರೆ ಏನೂ ಬರಲ್ಲ. ಆದ್ರೆ ಕೇಳಿ ಬರೀತೀನಿ."

"ಬೇಡ ಅಂದ್ರೆ?"

"ಒಂದಿಡೀ ದಿನ ಮುಖ ಊದಿಸ್ಕೊಂಡಿರ್ತೀನಿ. ಬರೆಯಲ್ಲ."

ಅವನ ತುಟಿಯ ಅಂಚಿನಲ್ಲಿ ಏನೋ ಸುಳಿಯಿತು. ಕೈ ಚಾಚಿ ಅವಳ ಕೆನ್ನೆಯ ಮೇಲಿನ ನೀರನ್ನು ಹೆಬ್ಬೆರಳಿನಿಂದ ಒರೆಸಿದ. ವೈರು ಹಿಡಿದು ಒರಟಾದ ಬೆರಳು ಅದು. ಅವಳು ಆ ಕೈಯನ್ನು ಬಿಡದೆ ಹಿಡಿದುಕೊಂಡಳು.

"ಅಮ್ಮ ಕೊನೆಗಾಲದಲ್ಲಿ ಇನ್ನೊಂದು ಮಾತು ಹೇಳಿದ್ಲು," ಎಂದ. "ನೀನು ನನ್ನ ಜೊತೆ ನೋಡೋಕೆ ಬಂದಿದ್ಯಲ್ಲ, ಅವತ್ತು. ನೀನು ಕೋಣೆಯಿಂದ ಆಚೆ ಹೋದ ಮೇಲೆ, ನಿನ್ನ ಬಗ್ಗೆ ಹೇಳಿದ್ದು. ಯಾರಿಗೂ ಹೇಳಿಲ್ಲ."

"ಹಾಗಾದ್ರೆ ಹೇಳ್ಬೇಡ," ಎಂದಳು ಅವಳು ಗಾಬರಿಯಿಂದ. "ನನಗೆ ಹೇಳ್ಬೇಡ."

"ನಿನಗೇ ಹೇಳ್ಬೇಕು."

ಹೇಳಿದ. ಅದೇನು ಎಂದು ನನ್ನನ್ನು ಕೇಳಬೇಡಿ. ಅವಳು ಅದನ್ನು ಎಲ್ಲೂ ಬರೆದಿಲ್ಲ, ನಾನೂ ಬರೆಯುವುದಿಲ್ಲ. ತುಂಬ ತಮಾಷೆಯ ಮಾತಾಗಿತ್ತು ಎಂದಷ್ಟೇ ಹೇಳಬಲ್ಲೆ. ಅಕ್ಕನ ಒದ್ದೆ ಕಣ್ಣುಗಳು ಅಗಲವಾದವು, ಕೆನ್ನೆ ಉಬ್ಬಿತು. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಅವನ ಮುಖವನ್ನೇ ನೋಡಿದಳು.

"ಏನೇ?" ಎಂದ ಅವನು.

"ನಗು ಬರ್ತಿದೆ ಕಣೋ..." ಅವಳ ದನಿ ನಡುಗುತ್ತಿತ್ತು. "ನಗಲಾ?"

"ನಗು," ಎಂದ ಅವನು.